ಹೊಟ್ಟೆಯ ಶಸ್ತ್ರಚಿಕಿತ್ಸೆಯ ನೋವಿಗೆ ‘ಬ್ಲಾಕ್’: ಯಾರಿಗೆ ಬೇಕು, ಯಾರಿಗೆ ಬೇಡ?

2025ರ ಜನವರಿ 30ರಂದು ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ, ಸುಜೆಟ್ರಿಜಿನ್ ಎಂಬ ಹೊಸ ನೋವು ನಿವಾರಕ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಅದೇ ತಿಂಗಳ ಮೊದಲ ದಿನದಿಂದ ಅಲ್ಲಿನ ಹಿರಿಯ ನಾಗರಿಕರ ಸರ್ಕಾರಿ ವಿಮೆ ಮೆಡಿಕೇರ್ ಕೂಡ ಒಂದು ಹೊಸ ಪದ್ಧತಿ ಶುರು ಮಾಡಿತ್ತು. ಒಳರೋಗಿಯಾಗಿ ದಾಖಲಾಗದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರ ನೋವನ್ನು ಮಾರ್ಫಿನ್‌ನಂಥ ಅಫೀಮು ಗುಂಪಿನ ಮದ್ದಿಲ್ಲದೆ ತಗ್ಗಿಸುವ ಕೆಲವು ಔಷಧಗಳಿಗೆ, ಸಲಕರಣೆಗಳಿಗೆ ಪ್ರತ್ಯೇಕವಾಗಿ ಹಣ ಕೊಡುವ ಪದ್ಧತಿ ಅದು. ಇನ್ನು ಮಾರ್ಫಿನ್‌ನ ಹಂಗಿಲ್ಲದೆ ಶಸ್ತ್ರಚಿಕಿತ್ಸೆ ಸಾಧ್ಯ ಎಂಬ ಮಾತು ಅಲ್ಲಿಂದ ನಮ್ಮ ಮೊಬೈಲ್‌ಗಳಿಗೂ ಬಂದಿದೆ.

ಇತ್ತ ನಮ್ಮಲ್ಲಿ ಸಿಸೇರಿಯನ್, ಹರ್ನಿಯಾ ಅಥವಾ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಸೇರಿದವರ ಕಡೆಯವರಿಗೆ ‘ಟ್ಯಾಪ್ ಬ್ಲಾಕ್’ ಎಂಬ ಹೊಸ ಪದ ಕಿವಿಗೆ ಬೀಳುತ್ತಿದೆ. ಹೊಟ್ಟೆಯ ಎರಡೂ ಪಕ್ಕಕ್ಕೆ ನರ ಮರಗಟ್ಟಿಸುವ ಒಂದೊಂದು ಚುಚ್ಚುಮದ್ದು, ನೋವೇ ಇರುವುದಿಲ್ಲ ಎಂದು ಹೇಳಲಾಗುತ್ತದೆ. ನಿಜವೇ ಎಂದು ಹುಡುಕಿ ನೋಡಿದವರಿಗೆ ಸಿಗುವುದು ಗೊಂದಲ. ಒಂದು ಅಧ್ಯಯನ ನೋವು ಬಹಳ ಕಡಿಮೆಯಾಯಿತು ಎನ್ನುತ್ತದೆ, ಇನ್ನೊಂದು ಏನೂ ವ್ಯತ್ಯಾಸವಾಗಲಿಲ್ಲ ಎನ್ನುತ್ತದೆ. ಎರಡೂ ಹೆಸರಾಂತ ನಿಯತಕಾಲಿಕಗಳಲ್ಲೇ ಬಂದವು. ಎರಡೂ ನಿಜ ಎಂಬುದು ಈ ಲೇಖನದ ವಾದ. ರೋಗಿಗೆ ಬ್ಲಾಕ್ ಅಲ್ಲದೆ ಬೇರೇನು ಸಿಕ್ಕಿತ್ತು ಎಂದು ಕೇಳಿದರೆ ಗೊಂದಲದ ಬಹುಪಾಲು ತಾನೇ ಬಿಡಿಸಿಕೊಳ್ಳುತ್ತದೆ.

ಹೊಟ್ಟೆಯ ನೋವು ಒಂದೇ ಬಗೆಯದಲ್ಲ

ಶಸ್ತ್ರಚಿಕಿತ್ಸೆಯ ನಂತರ ‘ಹೊಟ್ಟೆ ನೋಯುತ್ತಿದೆ’ ಎಂದು ರೋಗಿ ಹೇಳುವ ಒಂದೇ ಮಾತಿನೊಳಗೆ ಕನಿಷ್ಠ ಎರಡು ನೋವುಗಳಿವೆ. ಮೊದಲನೆಯದು ಗೋಡೆಯ ನೋವು: ಚರ್ಮ, ಸ್ನಾಯು ಮತ್ತು ಹೊಟ್ಟೆಯ ಒಳಪೊರೆಯನ್ನು ಕೊಯ್ದು ಹೊಲಿದ ಜಾಗದ್ದು. ಕೆಮ್ಮಿದರೆ, ಮಗ್ಗುಲಾದರೆ, ಹಾಸಿಗೆಯಿಂದೆದ್ದರೆ ಇರಿದಂತಾಗುವುದು ಇದು. ಎಲ್ಲಿ ನೋಯುತ್ತಿದೆ ಎಂದು ರೋಗಿ ಬೆರಳಿಟ್ಟು ತೋರಿಸಬಲ್ಲ.

ಎರಡನೆಯದು ಒಳಾಂಗದ ನೋವು. ಹಿಂಡಿದಂತೆ, ನುಲಿದಂತೆ ಬರುವ ಈ ನೋವಿಗೆ ಗೊತ್ತಾದ ಜಾಗವಿಲ್ಲ. ಹೆರಿಗೆಯ ನಂತರ ಗರ್ಭಕೋಶ ಕುಗ್ಗುವಾಗ, ಅದರಲ್ಲೂ ಮಗುವಿಗೆ ಹಾಲೂಡಿಸುವಾಗ ಬಾಣಂತಿಗೆ ಬರುವ ನೋವು ಈ ಜಾತಿಯದು. ಇದರ ಸಂದೇಶ ಬೇರೆ ನರಗಳ ದಾರಿ ಹಿಡಿದು ಮಿದುಳಿಗೆ ಹೋಗುತ್ತದೆ.

ಲ್ಯಾಪರೊಸ್ಕೋಪಿ, ಅಂದರೆ ಚಿಕ್ಕ ತೂತುಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ ಆದವರಲ್ಲಿ ಮೂರನೆಯದೂ ಉಂಟು. ಹೊಟ್ಟೆ ಆಪರೇಷನ್ ಆದರೆ ಬಲಭುಜ ಏಕೆ ನೋಯುತ್ತದೆ ಎಂದು ಕೇಳುವವರು ಬಹಳ. ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯನ್ನು ಉಬ್ಬಿಸಲು ತುಂಬುವ ಇಂಗಾಲದ ಡೈಆಕ್ಸೈಡ್ ಅನಿಲ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಹುಟ್ಟುವುದು ಕತ್ತಿನ ಬಳಿಯ ಬೆನ್ನುಹುರಿಯಲ್ಲಿ, ಭುಜದ ಚರ್ಮದ ನರಗಳು ಹುಟ್ಟುವ ನೆರೆಯಲ್ಲೇ. ಹಾಗಾಗಿ ಮಿದುಳು ವಪೆಯ ದೂರನ್ನು ಭುಜದ ದೂರೆಂದು ಓದಿಕೊಳ್ಳುತ್ತದೆ.

ಟ್ಯಾಪ್ ಬ್ಲಾಕ್ ಮುಟ್ಟುವುದು ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ. ‘ನೋವೇ ಇರುವುದಿಲ್ಲ’ ಎಂಬ ಭರವಸೆ ಅಲ್ಲಿಗೇ ಸುಳ್ಳಾಗುತ್ತದೆ.

ಮೂರು ಪದರ, ಒಂದು ಸಂದು

ಪಕ್ಕೆಲುಬಿನ ಕೆಳಗಿನ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಪಕ್ಕೆಯ ಮೇಲೆ ಕೈಯಿಟ್ಟರೆ ಅದರಡಿ ಮೂರು ಸ್ನಾಯು ಪದರಗಳು ಒಂದರ ಮೇಲೊಂದು ಹಾಸಿಕೊಂಡಿವೆ. ಹೊಟ್ಟೆಯ ಗೋಡೆಗೆ ಸಂವೇದನೆ ಕೊಡುವ ನರಗಳು ಬೆನ್ನಿನಿಂದ ಹೊರಟು ಎರಡನೆಯ ಮತ್ತು ಮೂರನೆಯ ಪದರದ ನಡುವಿನ ಸಂದಿನಲ್ಲಿ ಮುಂದಕ್ಕೆ ಸಾಗುತ್ತವೆ. ಆ ಸಂದಿಗೆ ಸ್ಥಳೀಯ ಅರಿವಳಿಕೆ ಮದ್ದು ತುಂಬಿದರೆ ಹಲವು ನರಗಳು ಒಟ್ಟಿಗೇ ಮರಗಟ್ಟುತ್ತವೆ. ಪ್ರತಿಯೊಂದು ನರವನ್ನು ಹುಡುಕಿ ಚುಚ್ಚುವ ಗೋಜಿಲ್ಲ.

ಈ ಸಂದನ್ನು ಬಳಸಿಕೊಳ್ಳುವ ವಿಧಾನವನ್ನು 2001ರಲ್ಲಿ ರಫಿ ಎಂಬ ವೈದ್ಯರು ಮೊದಲು ಪ್ರಕಟಿಸಿದರು. ಆಗ ಅದು ಕೈಯಂದಾಜಿನ ಕೆಲಸ: ಸೊಂಟದ ಮೇಲೊಂದು ತ್ರಿಕೋನವನ್ನು ಬೆರಳಲ್ಲಿ ಗುರುತಿಸಿ, ಸೂಜಿ ಪೊರೆ ದಾಟುವಾಗ ಕೈಗೆ ತಿಳಿಯುವ ‘ಟಕ್’ ಅನುಭವವನ್ನು ನೆಚ್ಚಿ ಮದ್ದು ಬಿಡುವುದು. 2007ರ ಹೊತ್ತಿಗೆ ಅಲ್ಟ್ರಾಸೌಂಡ್ ಬಂತು. ಈಗ ಪರದೆಯ ಮೇಲೆ ಮೂರೂ ಪದರ ಕಾಣುತ್ತವೆ, ಸೂಜಿಯ ತುದಿ ಕಾಣುತ್ತದೆ. ಮದ್ದು ಸರಿಯಾದ ಜಾಗಕ್ಕೆ ಬಿದ್ದರೆ ಎರಡು ಪದರಗಳು ಬಿಟ್ಟುಕೊಂಡು ನಡುವೆ ಕಣ್ಣಿನಾಕಾರದ ಕಪ್ಪು ಕೊಳವೊಂದು ಮೂಡುತ್ತದೆ. ಆ ಕೊಳ ಮೂಡದಿದ್ದರೆ ಸೂಜಿ ಎಲ್ಲೋ ತಪ್ಪಿದೆ ಎಂದರ್ಥ.

ಒಂದೊಂದು ಪಕ್ಕಕ್ಕೆ 15ರಿಂದ 20 ಮಿಲಿಲೀಟರ್ ಬುಪಿವಕೇನ್ ಅಥವಾ ರೋಪಿವಕೇನ್ ಎಂಬ ಸ್ಥಳೀಯ ಅರಿವಳಿಕೆ ಮದ್ದು ಬಿಡುವುದು ಸಾಮಾನ್ಯ ಪದ್ಧತಿ. ಅರ್ಧ ದಿನದಷ್ಟು ಹೊತ್ತು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಕೊಯ್ದ ಜಾಗ ಜೋಮು ಹಿಡಿದಂತಿರುತ್ತದೆ. ಇದೇ ಮನೆತನದ ಬೇರೆ ಬ್ಲಾಕ್‌ಗಳೂ ಬಂದಿವೆ. ಹೊಟ್ಟೆಯ ನಡುಗೆರೆಯ ಕೊಯ್ತಕ್ಕೆ ರೆಕ್ಟಸ್ ಪೊರೆಯ ಬ್ಲಾಕ್ ಇದೆ. ಬೆನ್ನಿನ ಕಡೆಗೆ ಸರಿದು ಮಾಡುವ ಕ್ವಾಡ್ರೇಟಸ್ ಬ್ಲಾಕ್ ಇದೆ. 2016ರಿಂದೀಚೆಗೆ ಇರೆಕ್ಟರ್ ಸ್ಪೈನೆ ಬ್ಲಾಕ್ ಕೂಡ ಸೇರಿದೆ. ಹೆಸರುಗಳು ಬೆಳೆದಷ್ಟು ವೇಗವಾಗಿ ಪುರಾವೆ ಬೆಳೆದಿಲ್ಲ.

ಐರ್ಲೆಂಡ್ ಹೌದೆಂದಿತು, ಕೆನಡಾ ಇಲ್ಲವೆಂದಿತು

ಗೊಂದಲದ ಬೇರು ಎಲ್ಲಿದೆ ಎಂಬುದು ಎರಡು ಸಿಸೇರಿಯನ್ ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಾಣುತ್ತದೆ.

2008ರಲ್ಲಿ ಐರ್ಲೆಂಡಿನ ವೈದ್ಯರು 50 ತಾಯಂದಿರ ಮೇಲೆ ಪ್ರಯೋಗ ನಡೆಸಿದರು. ಎಲ್ಲರಿಗೂ ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್ ಇತ್ತು. ನೋವು ಹೆಚ್ಚಾದಾಗ ತಾವೇ ಗುಂಡಿ ಒತ್ತಿ ರಕ್ತನಾಳಕ್ಕೆ ಮಾರ್ಫಿನ್ ಪಡೆಯುವ ಪಂಪ್ ಕೂಡ ಇತ್ತು. ಅರ್ಧದಷ್ಟು ಜನರಿಗೆ ನಿಜವಾದ ಟ್ಯಾಪ್ ಬ್ಲಾಕ್, ಉಳಿದವರಿಗೆ ಅದೇ ಜಾಗಕ್ಕೆ ಉಪ್ಪುನೀರು. ಉಪ್ಪುನೀರಿನ ಗುಂಪು 48 ಗಂಟೆಗಳಲ್ಲಿ ಸರಾಸರಿ 66 ಮಿಲಿಗ್ರಾಂ ಮಾರ್ಫಿನ್ ಬಳಸಿದರೆ, ಬ್ಲಾಕ್ ಪಡೆದವರು ಬಳಸಿದ್ದು 18 ಮಿಲಿಗ್ರಾಂ. ಎದ್ದು ಕಾಣುವ ಗೆಲುವು.

ಮರುವರ್ಷ ಕೆನಡಾದ ತಂಡವೊಂದು ಬೇರೆ ಸನ್ನಿವೇಶದಲ್ಲಿ ಪರೀಕ್ಷಿಸಿತು. ಅಲ್ಲಿನ ತಾಯಂದಿರಿಗೆ ಬೆನ್ನಿಗೆ ಕೊಡುವ ಸ್ಪೈನಲ್ ಅರಿವಳಿಕೆಯಲ್ಲೇ ಕಿರಿದಾದ ಪ್ರಮಾಣದ ಮಾರ್ಫಿನ್ ಬೆರೆಸಲಾಗಿತ್ತು. ಬ್ಲಾಕ್ ಕೊಟ್ಟರೂ ಕೊಡದಿದ್ದರೂ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಕಾರಣ ಸರಳ. ಬೆನ್ನುಹುರಿಯ ದ್ರವಕ್ಕೆ ಸೇರಿದ ಮಾರ್ಫಿನ್, ಗೋಡೆಯ ನೋವು ಮತ್ತು ಗರ್ಭಕೋಶದ ನೋವು ಎರಡನ್ನೂ ಬೆನ್ನುಹುರಿಯ ಬಾಗಿಲಲ್ಲೇ ತಡೆಯುತ್ತದೆ. ಇದಕ್ಕೆ ಬೇಕಾದದ್ದು 50ರಿಂದ 100 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಪರಿಣಾಮ ಹೆಚ್ಚುಕಡಿಮೆ ಒಂದು ದಿನ. ಈಗಾಗಲೇ ಮುಚ್ಚಿದ ಬಾಗಿಲಿಗೆ ಟ್ಯಾಪ್ ಬ್ಲಾಕ್ ಇನ್ನೊಂದು ಚಿಲಕ ಹಾಕಿದಂತೆ. ಮಾರ್ಫಿನ್ ಇಲ್ಲದ ಕಡೆ ಆ ಚಿಲಕವೇ ಮುಖ್ಯ ಆಸರೆ. ಯುರೋಪಿನ ಪ್ರಾಸ್ಪೆಕ್ಟ್ ತಜ್ಞರ ಗುಂಪು ಸಿಸೇರಿಯನ್‌ಗೆ ಕೊಟ್ಟ ಶಿಫಾರಸಿನ ತಿರುಳೂ ಇದೇ: ಸ್ಪೈನಲ್ ಮಾರ್ಫಿನ್ ಕೊಟ್ಟಿಲ್ಲವಾದರೆ ಬ್ಲಾಕ್ ಮಾಡಿ, ಅಥವಾ ಗಾಯಕ್ಕೇ ಮದ್ದು ತುಂಬಿ.

ಬೇರೆ ಶಸ್ತ್ರಚಿಕಿತ್ಸೆಗಳಲ್ಲೂ ಇದೇ ತರ್ಕ ನಡೆಯುತ್ತದೆ. ದೊಡ್ಡ ಕೊಯ್ತದ ಕರುಳಿನ ಶಸ್ತ್ರಚಿಕಿತ್ಸೆಗೆ ದಶಕಗಳ ಕಾಲ, ಬೆನ್ನುಹುರಿಯ ಪೊರೆಯ ಹೊರಗೆ ಕೂರಿಸಿ ಮದ್ದು ಬಿಡುವ ಎಪಿಡ್ಯುರಲ್ ಕೊಳವೆಯೇ ರಾಜ. ಅದು ನೋವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ರಕ್ತದೊತ್ತಡ ಇಳಿಸುತ್ತದೆ, ಕಾಲು ಸೋಲಿಸಬಹುದು, ರಕ್ತ ತೆಳುಮಾಡುವ ಮದ್ದು ತೆಗೆದುಕೊಳ್ಳುವವರಲ್ಲಿ ಬೆನ್ನುಹುರಿಯ ಬಳಿ ರಕ್ತ ಕಟ್ಟುವ ಅಪಾಯವಿದೆ. 1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರಚಿಕಿತ್ಸಕ ಹೆನ್ರಿಕ್ ಕೆಲೆಟ್ ಮುಂದಿಟ್ಟ ಬೇಗ ಎಬ್ಬಿಸಿ, ಬೇಗ ಉಣಿಸಿ, ಬೇಗ ಮನೆಗೆ ಕಳುಹಿಸುವ ಕ್ರಮ ಜನಪ್ರಿಯವಾದಂತೆ, ಲ್ಯಾಪರೊಸ್ಕೋಪಿಯಿಂದ ಕೊಯ್ತ ಚಿಕ್ಕದಾದಂತೆ, ಎಪಿಡ್ಯುರಲ್ ಹಿಂದೆ ಸರಿಯಿತು. ಆ ತೆರವಾದ ಜಾಗಕ್ಕೆ ಬ್ಲಾಕ್ ಬಂದು ಕುಳಿತಿದೆ. ಪಿತ್ತಕೋಶದ ಲ್ಯಾಪರೊಸ್ಕೋಪಿಯಲ್ಲಂತೂ ಶಸ್ತ್ರಚಿಕಿತ್ಸಕರೇ ನಾಲ್ಕು ಚಿಕ್ಕ ತೂತುಗಳ ಸುತ್ತ ಮದ್ದು ತುಂಬಿ, ಜೊತೆಗೆ ಪ್ಯಾರಾಸಿಟಮಾಲ್ ಮತ್ತು ಉರಿಯೂತ ತಗ್ಗಿಸುವ ಮಾತ್ರೆ ಕೊಟ್ಟರೆ ಬಹುತೇಕರಿಗೆ ಸಾಕಾಗುತ್ತದೆ.

ಅವರ ಸಮಸ್ಯೆಗೂ ನಮ್ಮ ಸಮಸ್ಯೆಗೂ ಅಜಗಜಾಂತರ

ಅಮೆರಿಕದಲ್ಲಿ 2021ರಲ್ಲಿ ಅಫೀಮು ಗುಂಪಿನ ಔಷಧಗಳ ಅತಿ ಸೇವನೆಯಿಂದ 80,000ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಸಾವಿಗೆ ಕಾರಣ ಕಳ್ಳದಾರಿಯ ಫೆಂಟನಿಲ್. ಆದರೂ ಆ ಬಿಕ್ಕಟ್ಟಿನ ಮೊದಲ ಅಧ್ಯಾಯ ಬರೆದದ್ದು ವೈದ್ಯರ ಚೀಟಿಗಳೇ. ಆದ್ದರಿಂದ ‘ಎಷ್ಟು ಮಾರ್ಫಿನ್ ಉಳಿಯಿತು’ ಎಂಬುದು ಅಲ್ಲಿನ ಸಂಶೋಧನೆಯ ದೊಡ್ಡ ಅಳತೆಗೋಲು. ಹೊಸ ಮಾತ್ರೆಗೆ ಸಿಕ್ಕ ಪ್ರಚಾರದ ಹಿಂದಿರುವುದೂ ಅದೇ ಭಯ. ಅಂದಹಾಗೆ ಆ ಸುಜೆಟ್ರಿಜಿನ್ ಹೊಟ್ಟೆಯ ಹೆಚ್ಚುವರಿ ಚರ್ಮ, ಕೊಬ್ಬು ತೆಗೆಸಿಕೊಂಡವರಲ್ಲಿ ಹುಸಿಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು. ಆದರೆ ಅಫೀಮು ಗುಂಪಿನ ಹೈಡ್ರೊಕೊಡೋನ್ ಮತ್ತು ಪ್ಯಾರಾಸಿಟಮಾಲ್ ಬೆರೆತ ಹಳೆಯ ಮಾತ್ರೆಗಿಂತ ಮೇಲೆಂದು ತೋರಿಸಲಾಗಲಿಲ್ಲ. 2025ರಲ್ಲಿ ಒಂದು ಮಾತ್ರೆಗೆ ಅಲ್ಲಿನ ಘೋಷಿತ ಬೆಲೆ 15.50 ಡಾಲರ್ ಇತ್ತು.

ಭಾರತದ ಕಥೆ ತಿರುಗುಮುರುಗು. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಹೊಲಗಳಲ್ಲಿ ಅದು ಅರಳುತ್ತದೆ. ಆದರೂ 1985ರ ಮಾದಕ ವಸ್ತು ಕಾಯ್ದೆಯ ಪರವಾನಗಿಗಳ ಜಂಜಾಟಕ್ಕೆ ಹೆದರಿ ಹೆಚ್ಚಿನ ಆಸ್ಪತ್ರೆಗಳು ಮಾರ್ಫಿನ್‌ನ ತಂಟೆಗೇ ಹೋಗಲಿಲ್ಲ. 2014ರ ತಿದ್ದುಪಡಿ ದಾರಿಯನ್ನು ಸಡಿಲಿಸಿತು. ಅಭ್ಯಾಸ ಅಷ್ಟು ಬೇಗ ಸಡಿಲಲಿಲ್ಲ. ನೋವು ಮತ್ತು ಉಪಶಮನ ಆರೈಕೆ ಕುರಿತ ಲ್ಯಾನ್ಸೆಟ್ ಆಯೋಗ 2017ರಲ್ಲಿ ಲೆಕ್ಕ ಹಾಕಿದಾಗ, ಅಂಥ ಆರೈಕೆಗೆ ಬೇಕಾದ ಮಾರ್ಫಿನ್ ಮಾದರಿಯ ಔಷಧದಲ್ಲಿ ಭಾರತಕ್ಕೆ ದಕ್ಕುತ್ತಿದ್ದದ್ದು ಶೇ 4ರಷ್ಟು.

ಇದರ ಪರಿಣಾಮ ತಾಲ್ಲೂಕು ಆಸ್ಪತ್ರೆಯ ಬಾಣಂತಿ ವಾರ್ಡಿನಲ್ಲಿ ಕಾಣುತ್ತದೆ. ಅಲ್ಲಿ ಸಿಸೇರಿಯನ್ ನಂತರ ಸಾಮಾನ್ಯವಾಗಿ ಸಿಗುವುದು ಡೈಕ್ಲೊಫೆನಾಕ್, ಪ್ಯಾರಾಸಿಟಮಾಲ್, ಹೆಚ್ಚೆಂದರೆ ಟ್ರಾಮಡಾಲ್ ಚುಚ್ಚುಮದ್ದು. ಗುಂಡಿ ಒತ್ತಿ ಮಾರ್ಫಿನ್ ಪಡೆಯುವ ಪಂಪ್ ಐರ್ಲೆಂಡಿನ ಮಾತಾಯಿತು. ಹಾಗಿದ್ದ ಮೇಲೆ ‘ಬ್ಲಾಕ್‌ನಿಂದ ಮಾರ್ಫಿನ್ ಉಳಿಯಿತು’ ಎಂಬ ಅಳತೆ ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಕೊಡದೇ ಇದ್ದದ್ದನ್ನು ಉಳಿಸುವುದು ಹೇಗೆ? ಇಲ್ಲಿ ಅಳೆಯಬೇಕಾದದ್ದು ಬೇರೆ: ಆಕೆ ಆರು ಗಂಟೆಯ ಬಳಿಕ ಯಾರ ಆಸರೆಯೂ ಇಲ್ಲದೆ ಎದ್ದು ಕೂತಳೇ, ಮಗುವನ್ನು ಎದೆಗೆ ಎತ್ತಿಕೊಂಡಳೇ, ಕೆಮ್ಮು ಬಂದಾಗ ಹೊಟ್ಟೆ ಹಿಡಿದುಕೊಂಡು ಉಸಿರು ಬಿಗಿಹಿಡಿದಳೇ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5ರಷ್ಟು ಸಿಸೇರಿಯನ್. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 23.6 ಇತ್ತು. ಮೂವರಲ್ಲಿ ಒಬ್ಬ ತಾಯಿ ಹೊಟ್ಟೆ ಕೊಯ್ಸಿಕೊಳ್ಳುವ ರಾಜ್ಯದಲ್ಲಿ ಈ ಪ್ರಶ್ನೆ ಚಿಕ್ಕದಲ್ಲ.

ದುಬಾರಿ ಸೀಸೆಯ ಪಾಠ

ಬ್ಲಾಕ್‌ನ ದೊಡ್ಡ ದೌರ್ಬಲ್ಯ ಅದು ರಾತ್ರಿಯೊಳಗೆ ಇಳಿದುಹೋಗುವುದು. ಇದಕ್ಕೆ ಪರಿಹಾರವೆಂದು ಬುಪಿವಕೇನನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿ, ನಿಧಾನವಾಗಿ ಸೋರುವಂತೆ ಮಾಡಿದ ಔಷಧಕ್ಕೆ ಎಫ್‌ಡಿಎ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಒಂದು ಸೀಸೆಗೆ ನೂರಾರು ಡಾಲರ್. 2021ರ ಫೆಬ್ರುವರಿಯಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘದ ನಿಯತಕಾಲಿಕ, ಲಭ್ಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸಾಧಾರಣ ಬುಪಿವಕೇನ್‌ಗಿಂತ ಇದರಲ್ಲಿ ರೋಗಿಗೆ ಅರಿವಾಗುವಂಥ ಹೆಚ್ಚುಗಾರಿಕೆ ಇಲ್ಲ ಎಂಬ ಲೇಖನಗಳನ್ನು ಪ್ರಕಟಿಸಿತು. ತಯಾರಕ ಕಂಪನಿ ಪಸಿರಾ ಸಂಘದ ಮೇಲೆಯೇ ಮೊಕದ್ದಮೆ ಹೂಡಿತು. ವೈಜ್ಞಾನಿಕ ತೀರ್ಮಾನವನ್ನು ಹೀಗೆ ನ್ಯಾಯಾಲಯದಲ್ಲಿ ಹಣಿಯಲಾಗದು ಎಂಬ ಕಾರಣಕ್ಕೆ ಆ ದಾವೆ ಬಿದ್ದುಹೋಯಿತು. 2023ರಲ್ಲಿ ಮೇಲ್ಮನವಿಯೂ ಬಿತ್ತು.

ವಿಚಿತ್ರವೆಂದರೆ, 2025ರಿಂದ ಮೆಡಿಕೇರ್ ಪ್ರತ್ಯೇಕವಾಗಿ ಹಣ ಕೊಡುತ್ತಿರುವ ಔಷಧಗಳ ಪಟ್ಟಿಯಲ್ಲಿ ಅದೇ ಸೀಸೆ ಇದೆ. ಸಾಬೀತಾದ ಮೇಲುಗೈಗಿಂತ ಅಫೀಮಿನ ಭಯ ಹೆಚ್ಚು ತೂಗಿದೆ. ನಮ್ಮಲ್ಲಿ ಅಗ್ಗದ ಸಾದಾ ಬುಪಿವಕೇನ್ ಎಲ್ಲೆಡೆ ಸಿಗುವಾಗ, ಯಾರಾದರೂ ‘ಮೂರು ದಿನದ ಬ್ಲಾಕ್’ ಎಂದು ದುಬಾರಿ ಮದ್ದನ್ನು ಮುಂದಿಟ್ಟರೆ ಈ ಮೊಕದ್ದಮೆ ನೆನಪಿರಲಿ.

ಪುರಾವೆಯ ಬಗ್ಗೆ ಇನ್ನೊಂದು ಎಚ್ಚರಿಕೆ. ಬ್ಲಾಕ್ ಕುರಿತ ಪ್ರಯೋಗಗಳಲ್ಲಿ ಬಹಳಷ್ಟು 50, 60 ಜನರ ಚಿಕ್ಕವು. ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಳತೆಯಲ್ಲಿ ಸುಮಾರು ಒಂದು ಅಂಕ ಇಳಿಯದಿದ್ದರೆ ರೋಗಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಅರ್ಧ ಅಂಕದ ಇಳಿಕೆಯನ್ನೂ ಸಂಖ್ಯಾಶಾಸ್ತ್ರ ‘ಗಣನೀಯ’ ಎಂದು ಕರೆಯಬಹುದು.

ಸೂಜಿ ಸುಲಭ, ಯಂತ್ರ ಕಷ್ಟ

ಅಲ್ಟ್ರಾಸೌಂಡ್ ಇಲ್ಲದೆ ಕೈಯಂದಾಜಿನಲ್ಲಿ ಬ್ಲಾಕ್ ಮಾಡಬಹುದಲ್ಲ? 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೈದ್ಯರು ಕೈಯಂದಾಜಿನಲ್ಲಿ ಚುಚ್ಚುತ್ತಿದ್ದರೆ, ಸೂಜಿ ಎಲ್ಲಿ ಹೋಯಿತೆಂದು ಅಲ್ಟ್ರಾಸೌಂಡ್ ಮೂಲಕ ಇನ್ನೊಬ್ಬರು ನೋಡುತ್ತಿದ್ದರು. 36 ರೋಗಿಗಳ 72 ಚುಚ್ಚುಗಳಲ್ಲಿ ಸರಿಯಾದ ಸಂದಿಗೆ ಬಿದ್ದವು 17. ಹೊಟ್ಟೆಯ ಒಳಪೊರೆಗೇ ಹೋದವು 13. ಆ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಐರ್ಲೆಂಡಿನ ಗೆಲುವು ಬಂದದ್ದೂ ಕೈಯಂದಾಜಿನಿಂದಲೇ ಎಂಬುದು ಬೇರೆ ಮಾತು. ಪಳಗಿದ ಕೈಗೂ ಕಲಿಯುವ ಕೈಗೂ ಇರುವ ದೂರ ಅದು.

ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರ ಕೊಂಡು ಥಿಯೇಟರಿಗೆ ತಂದಿಟ್ಟರೆ ಮುಗಿಯಲಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಯಂತ್ರ ನೋಂದಣಿಯಾಗಬೇಕು, ಅದನ್ನು ಜಾಗದಿಂದ ಜಾಗಕ್ಕೆ ಒಯ್ಯುವುದಕ್ಕೂ ನಿರ್ಬಂಧಗಳಿವೆ. ಅರಿವಳಿಕೆ ತಜ್ಞರು ಗೊಣಗುತ್ತಾರೆ, ಅವರ ಗೊಣಗಾಟದಲ್ಲಿ ಹುರುಳಿದೆ. ಆದರೆ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸಾಗಿಸಬಲ್ಲ ಯಂತ್ರವಿಟ್ಟುಕೊಂಡು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದ ಜಾಲ ಬಯಲಾದ ರಾಜ್ಯ ನಮ್ಮದು. ಬೆಲ್ಲದ ಕೊಪ್ಪರಿಗೆಯ ಪಕ್ಕದಲ್ಲಿ ಸ್ಕ್ಯಾನಿಂಗ್ ನಡೆದ ಮೇಲೆ, ಕಾಯ್ದೆ ಸಡಿಲಿಸಿ ಎಂದು ಕೇಳುವುದು ಯಾವ ಸರ್ಕಾರಕ್ಕೂ ಒಪ್ಪಿಗೆಯಾಗದು.

ಹೀಗಾಗಿ ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಸ್ಪೈನಲ್ ಮಾರ್ಫಿನ್, ಎಪಿಡ್ಯುರಲ್, ತೀವ್ರ ನಿಗಾ ಎಲ್ಲವೂ ಇರುವ ನಗರದ ದೊಡ್ಡ ಆಸ್ಪತ್ರೆಯಲ್ಲಿ ಬ್ಲಾಕ್ ಸುಲಭವಾಗಿ ಸಿಗುತ್ತದೆ, ಆದರೆ ಅಲ್ಲಿ ಅದರ ಹೆಚ್ಚುವರಿ ಲಾಭ ಕಡಿಮೆ. ಅದರಿಂದ ಅತಿ ಹೆಚ್ಚು ಲಾಭವಾಗಬೇಕಾದ ಕಡೆ ಯಂತ್ರವೂ ಇಲ್ಲ, ತರಬೇತಾದ ಕೈಯೂ ವಿರಳ. ಅಂಥಲ್ಲಿ ಹೊಲಿಗೆ ಹಾಕುವ ಮುನ್ನ ಶಸ್ತ್ರಚಿಕಿತ್ಸಕರೇ ಕಣ್ಣಾರೆ ನೋಡಿ ಗಾಯದ ಪದರಗಳಿಗೆ ಮದ್ದು ತುಂಬುವುದು ಯಂತ್ರ ಬೇಡದ, ಐದೇ ನಿಮಿಷದ ದಾರಿ. ಹೊಸ ಹೆಸರಿಲ್ಲದ ಕಾರಣ ಅದಕ್ಕೆ ಪ್ರಚಾರ ಸಿಗುತ್ತಿಲ್ಲ.

40 ಮಿಲಿಲೀಟರಿನ ಲೆಕ್ಕ

‘ಚುಚ್ಚುಮದ್ದು ತಾನೆ, ಕೊಟ್ಟರೇನು ನಷ್ಟ’ ಎನ್ನುವವರಿಗೆ ಒಂದು ಲೆಕ್ಕ. 50 ಕಿಲೋ ತೂಕದ ತಾಯಿಗೆ ಬುಪಿವಕೇನ್‌ನ ಸುರಕ್ಷಿತ ಮಿತಿ, ಕಿಲೋಗೆ 2 ಮಿಲಿಗ್ರಾಂ ಎಂದು ಹಿಡಿದರೆ 100 ಮಿಲಿಗ್ರಾಂ. ಶೇ 0.25ರ ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ 2.5 ಮಿಲಿಗ್ರಾಂ ಮದ್ದಿದೆ. ಎರಡು ಪಕ್ಕಕ್ಕೆ ತಲಾ 20 ಮಿಲಿಲೀಟರ್ ಬಿಟ್ಟರೆ ಸರಿಯಾಗಿ 100 ಮಿಲಿಗ್ರಾಂ, ಮಿತಿಯ ಗೆರೆಯ ಮೇಲೆಯೇ. ಸ್ಪೈನಲ್‌ನಲ್ಲಿ ಕೊಟ್ಟದ್ದು ಬೇರೆ. ಇದು ತಿಳಿಯದೆ ಶಸ್ತ್ರಚಿಕಿತ್ಸಕರೂ ಗಾಯಕ್ಕೆ ಇನ್ನೊಂದು 20 ಮಿಲಿಲೀಟರ್ ತುಂಬಿದರೆ ಗೆರೆ ದಾಟಿಯಾಯಿತು.

ಮದ್ದು ರಕ್ತದಲ್ಲಿ ಹೆಚ್ಚಾದರೆ ತುಟಿ, ನಾಲಗೆ ಜುಮ್ಮೆನ್ನುತ್ತವೆ, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಆಮೇಲೆ ಸೆಳೆತ, ವಿಪರೀತಕ್ಕೆ ಹೋದರೆ ಹೃದಯಸ್ತಂಭನ. ಸಿಸೇರಿಯನ್ ನಂತರದ ಟ್ಯಾಪ್ ಬ್ಲಾಕ್‌ನಿಂದ ಸೆಳೆತ ಬಂದ ಪ್ರಕರಣಗಳು ವರದಿಯಾಗಿವೆ. ಇದು ಅಪರೂಪ, ಮತ್ತು ಇದಕ್ಕೆ ಮದ್ದಿದೆ: ಶೇ 20ರ ಕೊಬ್ಬಿನ ದ್ರಾವಣವನ್ನು ಕಿಲೋಗೆ 1.5 ಮಿಲಿಲೀಟರಿನಂತೆ, ಅಂದರೆ ಈ ತಾಯಿಗೆ 75 ಮಿಲಿಲೀಟರ್, ತಡಮಾಡದೆ ರಕ್ತನಾಳಕ್ಕೆ ಕೊಡುವುದು. ಆ ಸೀಸೆ ಥಿಯೇಟರಿನ ಕಪಾಟಿನಲ್ಲಿ ಇರಬೇಕು. ಬೀಗ ಹಾಕಿದ ಉಗ್ರಾಣದಲ್ಲಿದ್ದರೆ ಕೆಲಸಕ್ಕೆ ಬಾರದು.

ಬ್ಲಾಕ್ ಇಳಿಯುವ ಹೊತ್ತು

ಮುಂದಿನ ವರ್ಷಗಳಲ್ಲಿ ಬ್ಲಾಕ್ ಹೆಚ್ಚುವುದಂತೂ ಖಚಿತ. ಎಳೆಯ ಅರಿವಳಿಕೆ ತಜ್ಞರು ಇದನ್ನು ಕಲಿತೇ ಹೊರಬರುತ್ತಿದ್ದಾರೆ. ಪ್ಯಾಕೇಜ್ ದರದ ವಿಮೆಯಲ್ಲಿ ಇದಕ್ಕೆ ಬೇರೆ ಹಣವಿಲ್ಲವಾದರೆ ಮಾಡುವ ಉತ್ಸಾಹ ಕುಗ್ಗಬಹುದು. ನಗದು ಕಟ್ಟುವ ರೋಗಿಗೆ ಬೇಡವಾದಲ್ಲಿಯೂ ಮಾಡುವ ಉತ್ಸಾಹ ಹೆಚ್ಚಬಹುದು. ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ತಜ್ಞರು ನೋಡಲು ಬಂದಾಗ ಬ್ಲಾಕ್ ಕೊಡುತ್ತೀರಾ ಎಂದಷ್ಟೇ ಕೇಳಿದರೆ ಸಾಲದು. ಸ್ಪೈನಲ್‌ನಲ್ಲಿ ಮಾರ್ಫಿನ್ ಬೆರೆಸುತ್ತೀರಾ, ಇಲ್ಲವಾದರೆ ಬದಲಿಗೆ ಏನು ಎಂದು ಕೇಳುವುದು ಹೆಚ್ಚು ಉಪಯುಕ್ತ. ಬೆರೆಸುವುದಾದರೆ ಮೈತುರಿಕೆ, ವಾಕರಿಕೆ ಬರಬಹುದು. ಅಪರೂಪಕ್ಕೆ ಉಸಿರಾಟ ಮಂದವಾಗುವುದರಿಂದ ಆ ರಾತ್ರಿ ಉಸಿರನ್ನು ಎಣಿಸುವವರು ವಾರ್ಡಿನಲ್ಲಿರಬೇಕು.

ಬೆಳಿಗ್ಗೆ 11ಕ್ಕೆ ಕೊಟ್ಟ ಬ್ಲಾಕ್ ರಾತ್ರಿ 11ರ ಆಸುಪಾಸಿಗೆ ಇಳಿಯತೊಡಗುತ್ತದೆ. ಹಗಲೆಲ್ಲ ನೋವಿಲ್ಲವೆಂದು ಸಂಜೆಯ ಡೈಕ್ಲೊಫೆನಾಕ್ ಬೇಡವೆಂದ ತಾಯಿಗೆ ಆಗ ನೋವು ಒಮ್ಮೆಗೇ ಮೇಲೆ ಬೀಳುತ್ತದೆ. ಮಾತ್ರೆಯನ್ನು ನೋವು ಬಂದ ಮೇಲೆ ಕೊಡುವುದಲ್ಲ, ರಾತ್ರಿ 9ಕ್ಕೇ ಕೊಟ್ಟಿರಬೇಕು ಎಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ ಆ ಪಾಳಿಯ ನರ್ಸ್ ಕೊಟ್ಟಿರುತ್ತಾರೆ. ಬರೆದಿಲ್ಲವಾದರೆ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡ ಆಕೆಯ ಜೊತೆಗಿರುವ ಅಮ್ಮ ಕತ್ತಲ ಕಾರಿಡಾರಿನಲ್ಲಿ ನರ್ಸ್ ಕೋಣೆಯನ್ನು ಹುಡುಕಿಕೊಂಡು ಹೊರಡಬೇಕಾಗುತ್ತದೆ.